ಹದಿನಾಲ್ಕಕ್ಕೆ ಹದಿನಾಲ್ಕು

ನೂಲಿನ ಗಿರಣಿಯ ದವಾಖಾನೆಯಲ್ಲಿ ಹನ್ನೊಂದು ವರ್ಷ ನರ್ಸಾಗಿದ್ದವಳನ್ನು ಎಲ್ಲರೂ ಪಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಯಂತ್ರಕ್ಕೆ ಸಿಕ್ಕ ಬೆರಳಿನಿಂದ ಹಿಡಿದು ಗಿರಣಿಯ ಹೆಂಗಸರ ಬಾಸ್ಕೆಟ್‌ಬಾಲ್ ತಂಡದ ಉಳುಕಿದ ಪಾದದವರೆಗೆ ಎಲ್ಲಕ್ಕೂ ಅವಳೇ ಪಟ್ಟಿ ಸುತ್ತಬೇಕು. ಅವಳ ತಂಗಿ ಆ ತಂಡದ ಜೀವಾಳ. ತಾಯಿಯಿಲ್ಲದ ಮನೆಯಲ್ಲಿ ಅಕ್ಕನೇ ತಲೆ ಬಾಚಿ, ಜಡೆ ಹೆಣೆದು ಬೆಳೆಸಿದ ಹುಡುಗಿ.

ಕಾರ್ಖಾನೆಗಳ ಲೀಗ್‌ನಲ್ಲಿ ಎಂಟು ತಂಡ, ಒಂದೊಂದಕ್ಕೂ ಹದಿನಾಲ್ಕು ಪಂದ್ಯ. ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್. ಆ ವರ್ಷ ಗಿರಣಿ ಹನ್ನೊಂದಕ್ಕೆ ಹನ್ನೊಂದೂ ಗೆದ್ದು ಮೊದಲ ಸ್ಥಾನ ಗಟ್ಟಿ ಮಾಡಿಕೊಂಡಿತ್ತು. ತಂಗಿಯ ಬಲಮಂಡಿ ಮಾತ್ರ ಊದಿ ಕುಂಬಳಕಾಯಿಯಾಗಿತ್ತು.

"ಸರ್, ಇನ್ನು ಮೂರೂ ಸೋತರೂ ನಮ್ಮ ಜಾಗ ಎಲ್ಲೂ ಹೋಗಲ್ಲ. ಇವಳನ್ನ ಕೂರಿಸಿ," ಎಂದು ಅಕ್ಕ ಕೋಚ್‌ಗೆ ಹೇಳಿದಳು.

"ಹದಿನಾಲ್ಕಕ್ಕೆ ಹದಿನಾಲ್ಕು ಗೆದ್ದ ತಂಡ ಇದುವರೆಗೂ ಇಲ್ಲಮ್ಮ. ನೀನು ಪಟ್ಟಿ ಸುತ್ತು, ಆಟ ನಾನು ನೋಡ್ಕೋತೀನಿ."

ಅಕ್ಕ ಸುತ್ತಿದಳು. ಹದಿನಾಲ್ಕನೆಯ ಪಂದ್ಯದಲ್ಲಿ, ಗೆದ್ದರೂ ಸೋತರೂ ಒಂದೇ ಆಗಿದ್ದ ಪಂದ್ಯದಲ್ಲಿ, ತಂಗಿ ಹಾರಿ ಇಳಿದವಳು ಮತ್ತೆ ಏಳಲಿಲ್ಲ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ನಾರು ಹರಿದಿತ್ತು. ಗಿರಣಿ ಆ ಪಂದ್ಯ ಗೆದ್ದಿತು. ವಾರ ಕಳೆದು ಸೆಮಿಫೈನಲ್‌ನಲ್ಲಿ ಬಳಲಿದ ಕಾಲುಗಳನ್ನು ಎಳೆದುಕೊಂಡು ಆಡಿ ಸೋತಿತು.

ಮ್ಯಾನೇಜರ್ ಕಾರಣ ಕೇಳಿದಾಗ ಕೋಚ್ ಅಕ್ಕನ ಎದುರಿಗೇ ಹೇಳಿದ: "ಪಟ್ಟಿ ಸರಿಯಾಗಿ ಕಟ್ಟಿರಲಿಲ್ಲ ಸರ್. ಅದಕ್ಕೇ ಹುಡುಗಿ ಬಿದ್ದದ್ದು."

ಪಟ್ಟಿಯಕ್ಕ ಔಷಧಿ ಪೆಟ್ಟಿಗೆ ಎತ್ತಿಕೊಂಡು ಹೊರಬಂದಳು. ತಂಗಿ ಸ್ನಾನದ ಮನೆಗೆ ಹೋಗಲೂ ಗೋಡೆ ಹಿಡಿಯುವುದನ್ನು ಮೂರು ತಿಂಗಳು ನೋಡಿದಳು. ಆಮೇಲೆ ಗಿರಣಿ ಬಿಟ್ಟು ಬಸ್ ಡಿಪೋದ ದವಾಖಾನೆ ಸೇರಿದಳು. ಡಿಪೋಗೂ ಒಂದು ತಂಡವಿತ್ತು, ಕೋಚ್ ಇರಲಿಲ್ಲ. ಇಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಹೆಂಗಸೊಬ್ಬಳು ಕ್ಯಾಪ್ಟನ್.

"ಯಾರು ಆಡಬೇಕು, ಯಾರು ಕೂರಬೇಕು, ಅದು ನನ್ನ ಕೈಲಿ ಇರಲಿ. ಆ ಮನುಷ್ಯನನ್ನ ನಿಮಗೆ ಸೋಲಿಸಿ ಕೊಡ್ತೀನಿ," ಎಂದಳು ಪಟ್ಟಿಯಕ್ಕ.

"ಅವನ ಮೇಲೆ ಅಷ್ಟು ಕೋಪಾನಾ ಅಕ್ಕ?"

"ಕೋಪ ಆಗಿದ್ದರೆ ಇಷ್ಟು ಹೊತ್ತಿಗೆ ಇಳಿದಿರ್ತಿತ್ತು."

ಪ್ರತಿ ಬೆಳಿಗ್ಗೆ ಐವರು ಮುಖ್ಯ ಆಟಗಾರ್ತಿಯರ ಮಂಡಿ, ಮೀನಖಂಡಗಳನ್ನು ಟೈಲರ್ ಟೇಪಿನಿಂದ ಅಳೆಯುವಳು. ಅರ್ಧ ಇಂಚು ಊದಿದ್ದರೂ ಅಂದು ಬೆಂಚು. ಹತ್ತು ಪಂದ್ಯಗಳಲ್ಲಿ ಎಂಟನ್ನು ಗೆದ್ದು ಮೊದಲ ನಾಲ್ಕರಲ್ಲಿ ಜಾಗ ಖಚಿತವಾದ ಕೂಡಲೇ ಐವರನ್ನೂ ಒಟ್ಟಿಗೆ ಕೂರಿಸಿಬಿಟ್ಟಳು. ಉಳಿದ ನಾಲ್ಕು ಪಂದ್ಯಗಳನ್ನೂ ಡಿಪೋ ಸೋತಿತು. ಕೊನೆಯದು ಗಿರಣಿಯ ವಿರುದ್ಧ.

"ಸೋಲೋದನ್ನ ಕಲಿಸೋಕೂ ಒಬ್ಬಳನ್ನ ಇಟ್ಕೊಂಡಿದಾರಲ್ಲಪ್ಪ!" ಎಂದು ಕೋಚ್ ಎಲ್ಲರಿಗೂ ಕೇಳುವಂತೆ ನಕ್ಕ. ಈ ಸಲವೂ ಅವನ ತಂಡ ಹದಿನಾಲ್ಕಕ್ಕೆ ಹದಿನಾಲ್ಕು ಗೆದ್ದು, ಕುತ್ತಿಗೆಗೆ ಹಾರ ಬಿದ್ದಿತ್ತು. ಪಟ್ಟಿಯಕ್ಕ ನೋಡಿದ್ದು ಆ ಹಾರವನ್ನಲ್ಲ, ಅವನ ಹಿಂದೆ ಕುಂಟುತ್ತಿದ್ದ ಮೂವರನ್ನು. ಡಿಪೋ ನಾಲ್ಕನೆಯದು, ಗಿರಣಿ ಮೊದಲನೆಯದು. ಲೀಗ್‌ನ ನಿಯಮದಂತೆ ಸೆಮಿಫೈನಲ್‌ನಲ್ಲಿ ಅವೆರಡೇ ಎದುರುಬದುರು. ಅವಳಿಗೆ ಬೇಕಾದದ್ದೂ ಅದೇ.

ಶನಿವಾರ ಮಧ್ಯಾಹ್ನ ವಿಶ್ರಾಂತಿ ಪಡೆದ ಐವರು ಜಿಂಕೆಗಳಂತೆ ಓಡಿದರು. ಮೂರನೆಯ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಗಿರಣಿಯವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಡಿಪೋ ಇಪ್ಪತ್ತೆರಡು ಪಾಯಿಂಟ್ ಮುಂದಿತ್ತು.

ಕ್ಯಾಪ್ಟನ್ ಬೆಂಚಿನ ಬಳಿ ಬಂದು, "ಅಕ್ಕ, ಸಾಕು. ನಮ್ಮನ್ನ ಕೂರಿಸಿ. ನಾಳೆ ಫೈನಲ್ ಇದೆ," ಎಂದಳು.

"ಇನ್ನೂ ಹತ್ತು ನಿಮಿಷ. ಅವನು ತಲೆ ತಗ್ಗಿಸೋದನ್ನ ನೋಡ್ಬೇಕು ನಾನು."

ಒಬ್ಬರನ್ನೂ ಕೂರಿಸಲಿಲ್ಲ. ಅಂತರ ಮೂವತ್ತೊಂಬತ್ತಕ್ಕೆ ಏರಿತು. ಕೊನೆಯ ಸೀಟಿ ಊದಿದಾಗ ಕೋಚ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದ. ಪಟ್ಟಿಯಕ್ಕ ಅವನ ಮುಂದೆ ಹೋಗಿ ನಿಂತಳು.

"ನಿಮ್ಮ ಹುಡುಗೀರಿಗೆ ಪಟ್ಟಿ ಯಾರು ಕಟ್ಟಿದ್ದು ಸರ್? ತಪ್ಪನ್ನ ಅವರ ಮೇಲೂ ಹೊರಿಸಿಬಿಡಿ."

ಅವನು ತಲೆ ತಗ್ಗಿಸಿಕೊಂಡೇ ಹೊರನಡೆದ. ಅವಳ ಹೊಟ್ಟೆ ತಣ್ಣಗಾಯಿತು.

ಭಾನುವಾರದ ಫೈನಲ್‌ನಲ್ಲಿ ಡಿಪೋದ ಐವರ ಕಾಲುಗಳೂ ಸೀಸದಂತಾಗಿದ್ದವು. ನಾಲ್ಕು ಪಾಯಿಂಟ್‌ಗಳಿಂದ ಸೋತರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಪಟ್ಟಿ ಬಿಚ್ಚಲು ಬಾಗಿದ ಪಟ್ಟಿಯಕ್ಕನ ಕೈಯನ್ನು ಕ್ಯಾಪ್ಟನ್ ತಡೆದಳು.

"ನಿಮ್ಮ ಫೈನಲ್ ನಿನ್ನೇನೇ ಮುಗೀತು. ಅದನ್ನ ಮೊದಲೇ ಹೇಳಿದ್ದರೆ ನಾವೂ ಇವತ್ತು ಬರ್ತಿರಲಿಲ್ಲ. ಅವನಿಗೂ ನಿಮಗೂ ಏನಕ್ಕ ವ್ಯತ್ಯಾಸ?"

ಪಟ್ಟಿಯಕ್ಕ ಕ್ಷಮೆ ಕೇಳಲಿಲ್ಲ. ಮುಂದಿನ ವರ್ಷ ಬೆಂಚಿನ ಹೊಣೆಯನ್ನು ತಾನಾಗಿ ಕ್ಯಾಪ್ಟನ್‌ಗೆ ಬಿಟ್ಟುಕೊಟ್ಟು, ಕಾಲು ಅಳೆಯುವ ಕೆಲಸ ಮಾತ್ರ ಉಳಿಸಿಕೊಂಡಳು. ಗಿರಣಿ ಆ ಕೋಚ್‌ನನ್ನು ತೆಗೆದುಹಾಕಿತು ಎಂಬ ಸುದ್ದಿ ಬಂದ ದಿನ ಯಾರೋ ಕೇಳಿದರು, ಆ ಶನಿವಾರ ಮತ್ತೆ ಬಂದರೆ ಐವರನ್ನು ಕೂರಿಸುತ್ತೀರಾ ಎಂದು.

"ಇಲ್ಲ," ಎಂದಳು. ಟೇಪನ್ನು ಸುತ್ತಿಡುತ್ತಾ, "ಕೂರಿಸಬೇಕಿತ್ತು ಅಂತ ಗೊತ್ತು. ಆದರೂ ಇಲ್ಲ," ಎಂದಳು.