ಹದಿನಾರನೇ ಹಂಡೆಯ ಕಬ್ಬಿಣ

ಕಾರ್ನ್‌ಫ್ಲೇಕ್ಸ್ ಪ್ಯಾಕೆಟ್ಟಿನ ಪಕ್ಕದಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದಲ್ಲ, ಕಬ್ಬಿಣ ಇಷ್ಟು, ವಿಟಮಿನ್ ಇಷ್ಟು ಎಂದು, ಅದನ್ನು ಓದುವವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಆ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದ ಒಂದು ಜೋಡಿ ಇತ್ತು. ಗಂಡ ಪಟ್ಟಿಯಲ್ಲಿ ಬರೆದಿದ್ದನ್ನು ಹಾಕುವವನು, ಹೆಂಡತಿ ಹಾಕಿದ್ದು ಉಳಿದಿದೆಯೇ ಎಂದು ನೋಡುವವಳು. ಇಬ್ಬರದೂ ಒಂದೇ ಕಾರ್ಖಾನೆ. ಅವನ ಹಂಡೆಗಳಿಗೂ ಅವಳ ಕಪಾಟಿಗೂ ನಡುವೆ ಒಂದು ಅಂಗಳ, ಅಷ್ಟೇ.

ಅವನನ್ನು ಎಲ್ಲರೂ ಚಿಟಿಕೆಯಣ್ಣ ಎನ್ನುತ್ತಿದ್ದರು. ಆಳೆತ್ತರದ ಉಕ್ಕಿನ ಹಂಡೆಯಲ್ಲಿ ಜೋಳದ ನುಚ್ಚು ಕೊತಕೊತ ಬೇಯುತ್ತಿರುವಾಗ, ಅಂಗೈಯಗಲದ ಒಂದು ಪೊಟ್ಟಣ ಕತ್ತರಿಸಿ ಅದರೊಳಗಿನ ಬೂದು ಬಣ್ಣದ ಕಬ್ಬಿಣದ ಪುಡಿ ಸುರಿಯುವುದು ಅವನ ಕೆಲಸ. ಹೊಸದಾಗಿ ಸೇರಿದವರು ನಗುತ್ತಿದ್ದರು.

“ಇಷ್ಟು ದೊಡ್ಡ ಹಂಡೆಗೆ ಇಷ್ಟೇನಾ ಅಣ್ಣಾ?”

“ಚಿಟಿಕೆ ಅಂತ ತಾತ್ಸಾರ ಮಾಡ್ಬೇಡ್ರಪ್ಪ. ಇದಿಲ್ಲಾಂದ್ರೆ ನೀವು ಮಾರೋದು ಬರೀ ಜೋಳದ ಸಿಪ್ಪೆ” ಎನ್ನುತ್ತಿದ್ದ ಅವನು, ಆ ಕಬ್ಬಿಣವನ್ನು ತಾನೇ ಗಣಿಯಿಂದ ಅಗೆದು ತಂದವನ ಗತ್ತಿನಲ್ಲಿ.

ಹೆಂಡತಿಗೂ ಒಂದು ಅಡ್ಡಹೆಸರಿತ್ತು, ಕಪಾಟಮ್ಮ. ಪ್ರತಿ ಪಾಳಿಯ ಕೊನೆಯ ಹಂಡೆಯ ಮಾಲಿನಲ್ಲಿ ಒಂದು ಪ್ಯಾಕೆಟ್ ಅವಳ ಕಪಾಟಿಗೆ ಬರುತ್ತಿತ್ತು. ಅದರ ಮೇಲೆ ಹಂಡೆಯವನು ತಾರೀಖು, ಹಂಡೆಯ ನಂಬರು ಬರೆದು ಸಹಿ ಹಾಕಬೇಕು. ಒಂದು ವರ್ಷ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ತಿನ್ನಲು ಕೊನೆಯ ದಿನ ಎಂದು ಅಚ್ಚಾದ ತಾರೀಖು ಬಂದಾಗ ಅವಳು ಅದನ್ನು ಒಡೆದು, ಪಟ್ಟಿಯಲ್ಲಿ ಬರೆದಷ್ಟು ಸತ್ವ ಇನ್ನೂ ಇದೆಯೇ ಎಂದು ಪರೀಕ್ಷಿಸಬೇಕು. ವಿಟಮಿನ್‌ಗಳದ್ದು ನಂಬುವ ಜಾತಿಯಲ್ಲ, ತಿಂಗಳು ತಿಂಗಳಿಗೂ ಕರಗುತ್ತಾ ಹೋಗುತ್ತವೆ. ಅದಕ್ಕೇ ಮೊದಲೇ ಸ್ವಲ್ಪ ಹೆಚ್ಚಿಗೆ ಹಾಕಿರುತ್ತಾರೆ. ಕಬ್ಬಿಣ ಹಾಗಲ್ಲ. ಹಾಕಿದರೆ ಹಾಕಿದಷ್ಟೂ ಅಲ್ಲೇ ಬಿದ್ದಿರುತ್ತದೆ.

ಮಗಳು ಚಿಕ್ಕವಳಿದ್ದಾಗ ಒಂದು ಭಾನುವಾರ ಅವನು ಅಡುಗೆಮನೆಯ ಮೇಜಿನ ಮೇಲೆ ಒಂದು ಆಟ ತೋರಿಸಿದ್ದ. ಒಂದು ಹಿಡಿ ಫ್ಲೇಕ್ಸನ್ನು ನುಣ್ಣಗೆ ಅರೆದು ನೀರಿಗೆ ಕಲಸಿ, ಹಾಳಾದ ರೇಡಿಯೊದಿಂದ ಕಿತ್ತ ಅಯಸ್ಕಾಂತವನ್ನು ಅದರಲ್ಲಿ ಹತ್ತು ನಿಮಿಷ ಆಡಿಸಿದ. ಮೇಲೆತ್ತಿದರೆ ಅದರ ತುದಿಗೆ ಬೂದು ಬಣ್ಣದ ಮೀಸೆ!

“ನೋಡು ಮಗಳೇ, ಇದು ನಿಮ್ಮಪ್ಪ ಹಾಕಿದ್ದು.”

ಪಕ್ಕದ ಮನೆಯ ಅಜ್ಜಿ ಇಣುಕಿ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ನಿನ್ನ, ಮಕ್ಕಳಿಗೆ ಮೊಳೆ ಅರೆದು ತಿನ್ನಿಸ್ತಿದ್ದೀಯಲ್ಲೋ!” ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಅವನು ಹಾಗೆ ನಗುತ್ತಿದ್ದ ಎಂಬುದನ್ನು ಆಮೇಲಾಮೇಲೆ ಹೆಂಡತಿ ತನಗೆ ತಾನೇ ನೆನಪು ಮಾಡಿಕೊಳ್ಳಬೇಕಾಯಿತು.

ಇಪ್ಪತ್ನಾಲ್ಕು ವರ್ಷ ಹೀಗೆ ಕಳೆದ ಮೇಲೆ ಒಂದು ಮಧ್ಯಾಹ್ನ, ಪಾಳಿ ಮುಗಿಯುವ ಹೊತ್ತಿಗೆ, ಸೂಪರ್‌ವೈಸರ್ ಅವನನ್ನು ಪಕ್ಕಕ್ಕೆ ಕರೆದ. ಕೈಯಲ್ಲಿ ಒಡೆಯದ ಒಂದು ಪುಡಿಯ ಪೊಟ್ಟಣವಿತ್ತು.

“ಅಣ್ಣಾ, ಹದಿನಾರು ಹಂಡೆಗೆ ಹದಿನಾರು ಪೊಟ್ಟಣ ಕೊಟ್ಟಿದ್ರು. ಒಂದು ಉಳಿದಿದೆ.”

“ಎಲ್ಲಾ ಹಂಡೆಗೂ ಹಾಕಿದೀನಲ್ಲ.”

“ಹಾಳೆ ನೋಡಿ. ಹದಿನೈದಕ್ಕೆ ಗುರುತು ಹಾಕಿದೀರಿ. ಹದಿನಾರನೇದು ಖಾಲಿ.”

ಖಾಲಿ ಪೊಟ್ಟಣಗಳನ್ನು ಎಣಿಸೋಣವೆಂದರೆ ಅವು ಆಗಲೇ ಕಸದ ಗಾಡಿ ಹತ್ತಿದ್ದವು. ನೆನಪು ಮಾಡಿಕೊಳ್ಳೋಣವೆಂದರೆ, ದಿನಕ್ಕೆ ಹದಿನಾರು ಸಲ ಅದನ್ನೇ ಮಾಡಿದ ಕೈಗೆ ಇವತ್ತಿನದು ಯಾವುದು, ನಿನ್ನೆಯದು ಯಾವುದು ಎಂದು ಬೇರೆಬೇರೆಯಾಗಿ ನೆನಪಿರುವುದಾದರೂ ಹೇಗೆ?

ಸೂಪರ್‌ವೈಸರ್ ಕೆಟ್ಟವನೇನಲ್ಲ. ದನಿ ತಗ್ಗಿಸಿ ಹೇಳಿದ: “ನಾನಿದನ್ನ ಬರೆಯಲ್ಲ ಅಣ್ಣಾ. ಬರೆದ್ರೆ ಇಡೀ ದಿನದ ಮಾಲು ನಿಲ್ಲಿಸ್ತಾರೆ, ನಿಮ್ಮನ್ನೂ ಮನೆಗೆ ಕಳಿಸ್ತಾರೆ. ಹೊಟ್ಟೆಗೆ ಹಾಕ್ಕೊಳ್ತೀನಿ. ನಾಳೆಯಿಂದ ನೀವು ಪೆಟ್ಟಿಗೆ ಕಟ್ಟೋ ಕಡೆ ಹೋಗಿ.”

ಉಪಕಾರ ಮಾಡಿದೆನೆಂದೇ ಅವನು ತಿಳಿದಿದ್ದ. ಆ ಉಪಕಾರದಿಂದ ಮಾಲು ಹೊರಗೆ ಹೋಯಿತು, ಮಾತು ಅಲ್ಲೇ ಮುಗಿಯಿತು. ಚಿಟಿಕೆಯಣ್ಣ ಮಾತ್ರ ಮುಗಿಸಲಿಲ್ಲ. ರಟ್ಟಿನ ಪೆಟ್ಟಿಗೆಗೆ ಹಚ್ಚಿದ ಟೇಪನ್ನೇ ದಿನವಿಡೀ ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದ. ಮನೆಯಲ್ಲಿ ಗ್ಯಾಸ್ ಆರಿಸಿ, ಮತ್ತೆ ಹೋಗಿ ಮುಟ್ಟಿ ನೋಡಿ ಬರುವನು. ಬೀಗ ಹಾಕಿ ಬೀದಿಯ ತಿರುವಿನವರೆಗೆ ಬಂದವನು ವಾಪಸ್ ಓಡುವನು. ತನ್ನ ಕೈಯ ಮೇಲಿದ್ದ ನಂಬಿಕೆಯೇ ಅವನಿಗೆ ಹೊರಟುಹೋಗಿತ್ತು. ಅದು ಹೋದ ಮೇಲೆ ಮನುಷ್ಯನಲ್ಲಿ ಉಳಿಯುವುದೇನು?

“ಇವಳೇ, ನಾನು ಹಾಕಿದೆ ಅಲ್ವಾ?” ಊಟದ ನಡುವೆ ಇದ್ದಕ್ಕಿದ್ದಂತೆ ಕೇಳುವನು.

“ಹಾಕಿದ್ರಿ ರೀ. ಹಾಕಿದ್ರಿ.”

“ಆ ಹಂಡೆಯ ಪ್ಯಾಕೆಟ್ಟು ನಿನ್ನ ಕಪಾಟಲ್ಲೇ ಇದೆಯಲ್ಲ. ಒಂದ್ಸಲ ಒಡೆದು ನೋಡಬಾರದಾ?”

“ತಾರೀಖು ಬರೋ ತನಕ ಮುಟ್ಟೋ ಹಾಗಿಲ್ಲ ರೀ. ಮೇಲಿನವರ ಸಹಿ ಬೇಕು.”

ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಏನೋ ಒಂದು ನೆಪ ಹೇಳಿ ಸಹಿ ಕೇಳಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಅವಳಿಗೆ ಭಯ. ಒಡೆದು ನೋಡಿ ಕಬ್ಬಿಣ ಇಲ್ಲದಿದ್ದರೆ ಬರೆಯಲೇಬೇಕು, ಬರೆದರೆ ಇವನ ಕೆಲಸಕ್ಕೆ ಕುತ್ತು. ಅದಕ್ಕಿಂತ ಒಳಗೆ ಇನ್ನೊಂದಿತ್ತು. ಅದನ್ನು ಅವಳು ತನ್ನೊಳಗೇ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ: ಇವನು ಮರೆತಿರುವುದೇ ಹೌದು ಎಂದು ಅವಳೂ ನಂಬಿದ್ದಳು. ಉಳಿದ ಪೊಟ್ಟಣ ಕಣ್ಣ ಮುಂದಿತ್ತು, ಹಾಳೆಯಲ್ಲಿ ಗುರುತಿರಲಿಲ್ಲ, ಗಂಡನಿಗೆ ವಯಸ್ಸಾಗುತ್ತಿತ್ತು. “ಹಾಕಿದ್ರಿ” ಎನ್ನುವಾಗ ಅವಳು ಅವನ ಮುಖ ನೋಡುತ್ತಿರಲಿಲ್ಲ, ತಟ್ಟೆ ನೋಡುತ್ತಿದ್ದಳು. ಅವನಿಗೂ ಅದು ಗೊತ್ತಾಗುತ್ತಿತ್ತು.

“ಸರಿ, ತಾರೀಖೇ ಬರ್ಲಿ. ಕಬ್ಬಿಣ ಎಲ್ಲಿಗೆ ಓಡಿ ಹೋಗುತ್ತೆ?” ಎನ್ನುತ್ತಿದ್ದ ಅವನು, ನಗುವುದಕ್ಕೆ ನೋಡುತ್ತಾ.

ಕಬ್ಬಿಣ ಎಲ್ಲಿಗೂ ಓಡಲಿಲ್ಲ, ಅವನೇ ಹೋದ. ಹತ್ತು ತಿಂಗಳು ಕಳೆದ ಮೇಲೆ ಎದೆನೋವೆಂದು ಆಸ್ಪತ್ರೆ ಸೇರಿದ. ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದವನು ಬೆಳಿಗ್ಗೆ ಬೆಳಿಗ್ಗೆ ಕೇಳಿದ: “ಇನ್ನೆಷ್ಟು ದಿನ ಇದೆ?”

ನರ್ಸಮ್ಮ ಸಮಾಧಾನ ಮಾಡಿದಳು: “ಬೇಗ ಮನೆಗೆ ಹೋಗ್ತೀರಿ, ಯೋಚನೆ ಮಾಡ್ಬೇಡಿ.”

ಅವನು ಕೇಳಿದ್ದು ಏನೆಂದು ಹೆಂಡತಿಗೆ ಗೊತ್ತಿತ್ತು. “ಐವತ್ತೆರಡು ದಿನ ರೀ” ಎಂದಳು. ಅವನು ತಲೆಯಾಡಿಸಿದ. ಮಾರನೇ ದಿನ ಐವತ್ತೊಂದು ಎಂದಳು. ಐವತ್ತು ಎಂದು ಹೇಳುವ ದಿನ ಅವನಿರಲಿಲ್ಲ.

ದಿನಗಳು ಮಾತ್ರ ತಮ್ಮ ಪಾಡಿಗೆ ಮುಗಿದವು. ತಾರೀಖು ಬಂದ ಬೆಳಿಗ್ಗೆ ಅವಳು ಕಪಾಟಿನ ಬೀಗ ತೆಗೆದು ಆ ಪ್ಯಾಕೆಟ್ಟನ್ನು ಹೊರಗಿಟ್ಟಳು. ‘ಹಂಡೆ ೧೬’ ಎಂದು ದಪ್ಪ ಪೆನ್ನಿನಲ್ಲಿ ಬರೆದಿತ್ತು, ಕೆಳಗೆ ಬಾಲ ಎಳೆದ ಅವನ ಸಹಿ. ಕತ್ತರಿಯನ್ನು ಸಹಿಯ ಹತ್ತಿರ ತಂದವಳು ಹಿಂದಕ್ಕೆ ತೆಗೆದಳು. ಆಮೇಲೆ ಸಹಿಯ ಭಾಗ ಬಿಟ್ಟು ಇನ್ನೊಂದು ಕಡೆಯಿಂದ ಕತ್ತರಿಸಿದಳು.

ಯಂತ್ರಕ್ಕೆ ಹಾಕಿ ಲೆಕ್ಕ ಬರುವುದಕ್ಕೆ ಎರಡು ದಿನ ಬೇಕು. ಅಷ್ಟು ತಾಳ್ಮೆ ಅವಳಲ್ಲಿರಲಿಲ್ಲ. ಒಂದು ಹಿಡಿ ಅರೆದು, ಬಟ್ಟಲಲ್ಲಿ ನೀರಿಗೆ ಕಲಸಿ, ಮನೆಯಿಂದ ತಂದಿದ್ದ ಆ ಹಳೆಯ ರೇಡಿಯೊದ ಅಯಸ್ಕಾಂತವನ್ನು ಅದರಲ್ಲಿ ಆಡಿಸತೊಡಗಿದಳು. ಗಡಿಯಾರ ನೋಡಲಿಲ್ಲ. ಕೈ ಸೋತಾಗ ಮೇಲೆತ್ತಿದಳು.

ಅಯಸ್ಕಾಂತದ ತುದಿಯಲ್ಲಿ ಬೂದು ಬಣ್ಣದ ಮೀಸೆ ಇತ್ತು.

ಅವನು ಹಾಕಿದ್ದ. ಮರೆತಿದ್ದು ಹಾಳೆಯ ಮೇಲಿನ ಒಂದು ಗುರುತು ಮಾತ್ರ. ಉಗ್ರಾಣದವರು ಆ ದಿನ ಒಂದು ಪೊಟ್ಟಣ ಹೆಚ್ಚಿಗೆ ಕೊಟ್ಟಿರಬೇಕು. ಅಂಥ ಚಿಕ್ಕ ವಿಷಯ ಯಾರ ತಲೆಗೂ ಹೊಳೆದಿರಲಿಲ್ಲ, ಅವಳ ತಲೆಗೂ ಹೊಳೆದಿರಲಿಲ್ಲ. ಗೊತ್ತಾದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಗುರಾಗಲಿಲ್ಲ. ಹತ್ತು ತಿಂಗಳು ಇವನು ಅನ್ನ ಸೇರದೆ ಒದ್ದಾಡುವಾಗ, ಇವನ ಪ್ರಶ್ನೆಗೆ ಉತ್ತರ ಅವಳ ಕುರ್ಚಿಯ ಬೆನ್ನಿಗೇ ಇತ್ತು, ಅವಳ ಬೀಗದ ಕೈಯ ಕೆಳಗೇ ಇತ್ತು. ಒಂದು ಕತ್ತರಿ, ಒಂದು ಬಟ್ಟಲು ನೀರು, ಹತ್ತು ನಿಮಿಷ. ಅಷ್ಟನ್ನು ಅವಳು ಅವನಿಗೆ ಕೊಡಲಿಲ್ಲ.

ಅಯಸ್ಕಾಂತವನ್ನು ಒರೆಸಲು ಮನಸ್ಸು ಬರಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು, ಅವನು ಎದುರಿಗೆ ತಟ್ಟೆ ಮುಂದೆ ಕೂತಿದ್ದಾನೆ ಎನ್ನುವ ಹಾಗೆ ಮುಖವೆತ್ತಿ ನೇರವಾಗಿ ನೋಡುತ್ತಾ ಹೇಳಿದಳು:

“ಹಾಕಿದ್ರಿ ರೀ. ಹಾಕಿದ್ರಿ.”

ನೂರಾರು ಸಲ ಹೇಳಿದ್ದ ಮಾತೇ ಅದು. ಅವಳು ಅದನ್ನು ನಂಬಿ ಹೇಳಿದ್ದು ಅದೇ ಮೊದಲು.