ಬೆಂಕಿಕಡ್ಡಿಯ ಐದನೇ ನಿಮಿಷ

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ಮನೆ ಸಾಮಾನು ಸಾಗಿಸುವ ಕೆಲಸ. ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಗೆ, ಬೆನ್ನಿಗೆ ಪಟ್ಟಿ ಬಿಗಿದುಕೊಂಡು, ಫ್ರಿಜ್ಜನ್ನು ಒಬ್ಬನೇ ಹತ್ತಿಸಿಬಿಡುತ್ತಿದ್ದ. ಆದರೆ ಜನ ಅವನನ್ನು ಗುರುತಿಸುತ್ತಿದ್ದದ್ದು ಬೇರೆಯದಕ್ಕೆ. ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲ ಸೇರಿದ, ಐದೈದು ನಿಮಿಷದ ಮೂರು ಸುತ್ತಿನ ಎಂಎಂಎ ಕಾಳಗದಲ್ಲಿ ಅವನು ಏಳು ಸಲ ಕೇಜಿನೊಳಗೆ ಹೋಗಿದ್ದ. ಆರು ಸಲ ಗೆದ್ದಿದ್ದ. ಆ ಆರನ್ನೂ ಮೊದಲನೇ ಸುತ್ತಿನಲ್ಲೇ ಗೆದ್ದಿದ್ದ. ನೋಡಲು ಬಂದವರು ಕುರ್ಚಿ ಹುಡುಕಿ ಕೂರುವಷ್ಟರಲ್ಲಿ ಎದುರಾಳಿ ನೆಲದ ಮೇಲಿರುತ್ತಿದ್ದ. ಗೀಚಿದರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತಾನೆ ಅಂತ ಅವನಿಗೆ ಬೆಂಕಿಕಡ್ಡಿ ಎಂಬ ಹೆಸರು ಬಿದ್ದಿತ್ತು. ಸೋತ ಒಂದೇ ಒಂದು ಕಾಳಗ ಎರಡನೇ ಸುತ್ತಿಗೆ ಹೋಗಿತ್ತು. ಆ ದಿನ ನಿನಗೆ ಜ್ವರ ಇತ್ತು ಕಣೋ, ಅಂದಿದ್ದರು ಭಾವ. ಜ್ವರ ಬಂದಿದ್ದ ನೆನಪು ಅವನಿಗಿರಲಿಲ್ಲ. ಭಾವ ಹೇಳುತ್ತಾರೆ ಅಂದಮೇಲೆ ಇದ್ದಿರಬೇಕು ಅಂದುಕೊಂಡ.

ಭಾವ ಅಂದರೆ ಅಕ್ಕನ ಗಂಡ, ಅವನ ಕೋಚ್ ಕೂಡ. ತಾಯಿ ಹೋದಾಗ ಇವನಿಗೆ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ತಮ್ಮನನ್ನು ಬಿಟ್ಟು ಬರುವುದಿಲ್ಲ ಅಂತ ಮೊದಲೇ ಹೇಳಿ ಅವಳು ಮದುವೆಯಾಗಿದ್ದಳು. ಹಳೆಯ ಗೋದಾಮೊಂದರಲ್ಲಿ ಗಂಡ ಹೆಂಡತಿ ಸೇರಿ ಜಿಮ್ ನಡೆಸುತ್ತಿದ್ದರು. ಭಾವ ಕಲಿಸುವುದು, ಅಕ್ಕ ಸೀಟಿ ಊದುವುದು. ಗೋಡೆಯ ಗಡಿಯಾರ ಕೆಟ್ಟು ಎಷ್ಟೋ ಕಾಲವಾಗಿತ್ತು. ಅಕ್ಕನ ಕೊರಳಲ್ಲಿ ತೂಗುತ್ತಿದ್ದ ಸ್ಟಾಪ್‌ವಾಚ್ ನೋಡಿಯೇ ಅಲ್ಲಿನ ಸುತ್ತುಗಳು ಶುರುವಾಗಿ ಮುಗಿಯಬೇಕು. ಅವಳ ಸೀಟಿ ಕೇಳಿದೊಡನೆ ಎಂಥ ಉಗ್ರನಾದರೂ ಕೈ ಇಳಿಸುತ್ತಿದ್ದ.

ಜಿಮ್ಮಿನ ಕಣ್ಮಣಿ ಬೆಂಕಿಕಡ್ಡಿಯಲ್ಲ, ಉದ್ದಕಾಲು ಅಂತ ಕರೆಸಿಕೊಳ್ಳುತ್ತಿದ್ದ ಇಪ್ಪತ್ತೆರಡು ವರ್ಷದ ಹುಡುಗ. ಅವನನ್ನು ನಡುವೆ ನಿಲ್ಲಿಸಿ ಒಬ್ಬರಾದ ಮೇಲೆ ಒಬ್ಬರನ್ನು ಅವನ ಮೇಲೆ ಬಿಡುವುದು ಅಲ್ಲಿನ ಪದ್ಧತಿ. ಮೊದಲು ನುಗ್ಗುವವನು ಯಾವಾಗಲೂ ಬೆಂಕಿಕಡ್ಡಿ. ಒಂದು ಸುತ್ತು, ಅಷ್ಟೇ. "ನಿನಗೆ ಎರಡನೇ ಸುತ್ತು ಯಾಕೋ? ನೀನೇನು ಅಲ್ಲೀವರೆಗೂ ಯಾರನ್ನಾದ್ರೂ ನಿಲ್ಲೋಕೆ ಬಿಡ್ತೀಯ?" ಅಂತ ಭಾವ ಬೆನ್ನು ತಟ್ಟುತ್ತಿದ್ದರು. ಅವನಿಗೂ ಅದು ಹೌದೆನ್ನಿಸುತ್ತಿತ್ತು. ಐದು ನಿಮಿಷ ಉರಿದು ಬಂದಮೇಲೂ ಎದೆಯಲ್ಲಿ ಉಸಿರು ಉಳಿದಿರುತ್ತಿತ್ತಲ್ಲ.

ಇನ್ನು ಎರಡು ತಿಂಗಳಿಗೆ ಅವನಿಗೆ ಮೂವತ್ತು ತುಂಬುತ್ತಿತ್ತು. ಮೂವತ್ತಾದವರನ್ನು ದೊಡ್ಡ ಲೀಗಿಗೆ ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೂ ಮುಂಚೆ ಉಳಿದದ್ದು ಒಂದೇ ಕಾಳಗ, ಅದೂ ಮೂರು ವಾರಕ್ಕೆ. ಗೆದ್ದರೆ ಲೀಗು. ಸೋತರೆ ಬೆನ್ನು ಬಗ್ಗುವ ತನಕ ಫ್ರಿಜ್ಜು, ಬೀರು, ಮೆಟ್ಟಿಲು. ಎದುರಾಳಿಯ ಅಡ್ಡಹೆಸರು ಆಮೆ. ಮೊದಲನೇ ಸುತ್ತಿನಲ್ಲಿ ಬರೀ ತಡೆದುಕೊಳ್ಳುತ್ತಾ ಇದ್ದು, ಆಮೇಲೆ ಚಿಪ್ಪಿನಿಂದ ತಲೆ ಹೊರಗೆ ಹಾಕುವ ಆಸಾಮಿ.

ಅವನ ಒಂದೂವರೆ ವರ್ಷದ ಮಗಳಿಗೆ ಆಗ ಉಬ್ಬಸ. ಮೂಗಿಗೆ ಮುಸುಕು ಹಿಡಿದು ಔಷಧಿಯ ಹೊಗೆ ಕೊಡುವ ಪುಟ್ಟ ಯಂತ್ರವೊಂದನ್ನು ತಂದಿದ್ದರು. ಐದು ನಿಮಿಷ ಕೊಡಿ, ಹೆಚ್ಚೂ ಬೇಡ ಕಡಿಮೆಯೂ ಬೇಡ ಅಂದಿದ್ದರು ಡಾಕ್ಟರಮ್ಮ. ಹೆಂಡತಿ ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆಗೆ ಶನಿವಾರ ಅರ್ಧ ದಿನ ರಜೆ. ಅವಳು ಮಗುವನ್ನೆತ್ತಿಕೊಂಡು ಸೀದಾ ಜಿಮ್ಮಿಗೆ ಬಂದು, ಪ್ಲಗ್ ಇರುವ ಮೂಲೆಯಲ್ಲಿ ಕೂತು, ಫೋನಿನಲ್ಲಿ ಹೊತ್ತು ಹಾಕಿಕೊಂಡು ಹೊಗೆ ಕೊಡುತ್ತಿದ್ದಳು. ಅಪ್ಪ ಕುಣಿಯುವುದನ್ನು ನೋಡುತ್ತಾ ಕೂತರೆ ಮಗು ಮುಸುಕನ್ನು ಕಿತ್ತೆಸೆಯುತ್ತಿರಲಿಲ್ಲ. ಅದಕ್ಕೇ ಅವಳು ಅಕ್ಕನ ಸೀಟಿಗೆ ಸರಿಯಾಗಿ ಯಂತ್ರದ ಗುಂಡಿ ಒತ್ತುತ್ತಿದ್ದಳು.

ಆ ಶನಿವಾರ ಅವನು ಸುತ್ತು ಮುಗಿಸಿ ಬೆವರು ಒರೆಸಿಕೊಳ್ಳುತ್ತಾ ಬಂದ. "ಪುಟ್ಟೀದು ಮುಗೀತಾ?"

"ಇನ್ನೂ ಒಂದು ನಿಮಿಷ ಇದೆ ರೀ."

"ನಿನ್ನ ಫೋನೂ ನಿನ್ನ ಥರಾನೇ ಸೋಮಾರಿ."

"ನನ್ನ ಫೋನಿಗೇನೂ ಆಗಿಲ್ಲ. ನಿಮ್ಮಕ್ಕನ ಸೀಟಿಗೇ ಅವಸರ. ಹೋದ ವಾರಾನೂ ಹಿಂಗೇ ಆಯ್ತು."

ಅವನು ನಕ್ಕ. ನಕ್ಕು ಎರಡು ಹೆಜ್ಜೆ ಹೋದವನು ವಾಪಸು ಬಂದು ಅವಳ ಫೋನ್ ಕೈಗೆ ತೆಗೆದುಕೊಂಡ. ಉದ್ದಕಾಲಿನ ಮುಂದೆ ಈಗ ಬೇರೆಯವನೊಬ್ಬ ನಿಂತಿದ್ದ. ಸೀಟಿಯಿಂದ ಸೀಟಿಗೆ ಸರಿಯಾಗಿ ಐದು ನಿಮಿಷ. ಇನ್ನೊಬ್ಬ ಬಂದ. ಅವನಿಗೂ ಐದು.

ಎಲ್ಲರೂ ಹೋಗುವ ತನಕ ಕಾದ. ಅಕ್ಕ ಚಾಪೆಗಳಿಗೆ ಔಷಧಿ ನೀರು ಹಾಕಿ ಒರೆಸುತ್ತಿದ್ದಳು.

"ಅಕ್ಕಾ, ನನ್ನ ಸುತ್ತು ಎಷ್ಟು ನಿಮಿಷದ್ದು?"

"ಎಲ್ಲರದ್ದೂ ಎಷ್ಟೋ ಅಷ್ಟು. ಕಾಲು ತೆಗಿ, ಅಲ್ಲಿ ಒದ್ದೆ ಇದೆ."

"ನನ್ನ ಮುಖ ನೋಡಿ ಹೇಳು."

ಅವಳು ನೋಡಲಿಲ್ಲ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ನಿನ್ನ ಭಾವ ಹೇಳಿದ್ರು. ನಾಲ್ಕಕ್ಕೆ ಊದು ಅಂದ್ರು."

"ಯಾವಾಗಿಂದ?"

"ಉದ್ದಕಾಲು ಸೇರಿದಾಗಿಂದ."

ಅಂದರೆ ಮೂರು ವರ್ಷ. ಅವನು ಅಲ್ಲೇ ಒದ್ದೆ ಚಾಪೆಯ ಮೇಲೆ ಕೂತುಬಿಟ್ಟ. ಅಕ್ಕ ಒಂದೇ ಉಸಿರಿಗೆ ಹೇಳತೊಡಗಿದಳು: "ಐದು ನಿಮಿಷ ಅಂದ್ರೆ ನೀನು ಕೊನೇ ನಿಮಿಷಕ್ಕೆ ಅಂತ ಶಕ್ತಿ ಹಿಡಿದಿಟ್ಕೋತೀಯಂತೆ. ನಾಲ್ಕಕ್ಕೇ ನಿಲ್ಲೋದು ಮೈಗೆ ಅಭ್ಯಾಸ ಆದ್ರೆ ಪೂರ್ತಿ ಸುರೀತೀಯ. ನಿನ್ನ ಆ ಏಟು ತಡ್ಕೊಂಡೋನು ಯಾರ ಏಟು ಬೇಕಾದ್ರೂ ತಡ್ಕೋತಾನೆ ಅಂತ ಅವರ ಲೆಕ್ಕ. ನಿನಗೂ ಒಳ್ಳೇದೇ ಆಯ್ತಲ್ಲೋ, ಆರು ಗೆದ್ದೆ..."

"ಹಾಗಾದ್ರೆ ನಾನು ಇಲ್ಲಿ ಸಾಣೆಕಲ್ಲು. ಕತ್ತಿ ಅವನು."

"ಹಂಗೆಲ್ಲ ಮಾತಾಡಬೇಡ."

ಮಾರನೆಯ ದಿನ ಭಾವನೆದುರು ನಿಂತಾಗ ಅವರು ತಲೆ ತಗ್ಗಿಸಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಮುರಿದ ತೂಕದ ಯಂತ್ರಕ್ಕೆ ಸ್ಕ್ರೂ ಬಿಗಿಯುತ್ತಲೇ ಮಾತಾಡಿದರು.

"ಒಬ್ಬೊಬ್ಬನ ಮೈ ಒಂದೊಂದು ಥರ. ನಿನ್ನದು ಬೇಗ ಹತ್ಕೊಳ್ಳೋ ಮೈ. ಇದ್ದದ್ದನ್ನ ಚೂಪು ಮಾಡಿದೆ."

"ಆವತ್ತು ನನಗೆ ಜ್ವರ ಇತ್ತಾ ಭಾವ?"

ಸ್ಕ್ರೂ ಒಂದು ಸುತ್ತು ತಿರುಗಿತು. "ಇದ್ರೂ ಇತ್ತು, ಇಲ್ದಿದ್ರೂ ಇತ್ತು. ನಿನ್ನ ಧೈರ್ಯ ಉಳೀಬೇಕಿತ್ತು."

"ಆಮೆ ಮೊದಲನೇ ಸುತ್ತಲ್ಲಿ ಬೀಳದಿದ್ರೆ?"

"ಬೀಳಿಸು."

"ಬೀಳದಿದ್ರೆ ಅಂದೆ."

ಅವರು ಇನ್ನೊಂದು ಸ್ಕ್ರೂ ಹುಡುಕತೊಡಗಿದರು. ಅವನಿಗೆ ಆಗ ತಿಳಿಯಿತು: ಇಷ್ಟು ವರ್ಷಗಳಲ್ಲಿ ಅವನ ಎರಡನೇ ಸುತ್ತಿನ ಬಗ್ಗೆ ಯಾರೂ ಯೋಚನೆ ಮಾಡಿಯೇ ಇರಲಿಲ್ಲ.

ಮೂರು ವಾರ ಜಿಮ್ಮಿನ ಕಡೆ ತಲೆ ಹಾಕಲಿಲ್ಲ. ಕೆಲಸದ ಮೆಟ್ಟಿಲುಗಳಲ್ಲೇ ಐದು ನಿಮಿಷ ಹತ್ತಿಳಿದು, ಒಂದು ನಿಮಿಷ ನಿಂತು, ಮತ್ತೆ ಐದು ನಿಮಿಷ. "ಬೀರು ಏನು ಓಡಿಹೋಗುತ್ತೇನಪ್ಪಾ?" ಅಂತ ಲಾರಿ ಡ್ರೈವರ್ ಕೂಗುತ್ತಿದ್ದ. ಮನೆಯಲ್ಲಿ ಹೆಂಡತಿ ಅವನ ಊದಿದ ಪಾದಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಡಿಸಿ, "ಬೇರೆ ಕೋಚ್ ಸಿಗಲ್ವಾ?" ಅಂತ ಕೇಳಿದಳು. ಸಿಗುವುದಿಲ್ಲ. ಕಾಳಗದ ನೋಂದಣಿಯ ಹಾಳೆಯಲ್ಲಿ ಆಗಲೇ ಭಾವನ ಹೆಸರಿತ್ತು. ಸುತ್ತು ಸುತ್ತಿನ ನಡುವೆ ಸಲಹೆ ಕೊಡಲು ಅವನ ಮೂಲೆಯಲ್ಲಿ ಕೂರುವವರು ಅವರೇ.

ಕಾಳಗ ಮಧ್ಯಾಹ್ನ ಮೂರಕ್ಕೆ. ಗಂಟೆ ಹೊಡೆದದ್ದೇ ಅವನು ಎಂದಿನಂತೆ ಹತ್ತಿಕೊಂಡ. ಆಮೆ ಎರಡು ಸಲ ಮಂಡಿಯೂರಿದ, ಎರಡು ಸಲವೂ ಎದ್ದ. ಜನ ಕುರ್ಚಿ ಬಿಟ್ಟು ನಿಂತಿದ್ದರು. ಆಗ ಅವನ ಎರಡೂ ಕೈ ತಾವಾಗಿಯೇ ಕೆಳಗಿಳಿದವು. ದಣಿವಿನಿಂದ ಅಲ್ಲ. ಮೂರು ವರ್ಷದಿಂದ ಆ ಕ್ಷಣಕ್ಕೆ ಸೀಟಿ ಕೇಳಿ ಕೇಳಿ, ಇವತ್ತು ಸೀಟಿ ಇಲ್ಲದೆಯೂ ಮೈ ತಾನೇ ನಿಂತುಬಿಟ್ಟಿತು. ಗಡಿಯಾರದ ಫಲಕದಲ್ಲಿ ಇನ್ನೂ ಐವತ್ತೊಂಬತ್ತು ಸೆಕೆಂಡು ಉಳಿದಿದ್ದವು. ಆಮೆಯ ಬಲಗೈ ಬರುವುದು ಅವನಿಗೆ ಕಂಡಿತು. ತಡೆಯಲು ಕೈ ಏಳಲಿಲ್ಲ.

ಬಿದ್ದ. ಆದರೆ ಎದ್ದ. ಆ ಸುತ್ತನ್ನು ಹೇಗೋ ಮುಗಿಸಿ ಮೂಲೆಗೆ ಬಂದ. "ಮತ್ತೆ ಅದೇ ಥರ ನುಗ್ಗು!" ಅಂದರು ಭಾವ. ಅವನಿಗೆ ಅವರ ಬಾಯಿ ಆಡುವುದಷ್ಟೇ ಕಂಡಿತು. ಎರಡನೇ ಸುತ್ತಿನಲ್ಲಿ ಮೆಟ್ಟಿಲು ಹತ್ತುವಂತೆ ಉಸಿರು ಎಣಿಸಿ ನಿಂತ. ಮೂರನೆಯದನ್ನೂ ನಿಂತೇ ಮುಗಿಸಿದ. ಬಾಳಿನಲ್ಲಿ ಮೊದಲ ಸಲ ಹದಿನೈದು ನಿಮಿಷ. ಮೂವರು ತೀರ್ಪುಗಾರರೂ ಆಮೆಯ ಕೈ ಎತ್ತಿಸಿದರು.

ಅದೇ ಮಧ್ಯಾಹ್ನದ ಮುಂದಿನ ಕಾಳಗದಲ್ಲಿ ಉದ್ದಕಾಲು ಒಂದು ಬಿರುಗಾಳಿಯಂಥವನನ್ನು ತಡೆದು ತಡೆದು ಕೊನೆಗೆ ಮಲಗಿಸಿದ. ಭಾವ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದದ್ದು, ಬಟ್ಟೆ ಬದಲಿಸುವ ಕೋಣೆಯ ಬಾಗಿಲಿನಿಂದ ಬೆಂಕಿಕಡ್ಡಿಗೆ ಚೆನ್ನಾಗಿ ಕಾಣಿಸಿತು.

ಅಕ್ಕ ಕತ್ತರಿ ಹಿಡಿದು ಬಂದಳು, ಕೈಗೆ ಸುತ್ತಿದ ಪಟ್ಟಿ ಬಿಡಿಸಲು. "ಕೈ ಕೊಡು."

ಅವನು ಕೈ ಕೊಡಲಿಲ್ಲ. ಗಾಯ ನೋಡಲು ಎದುರಿನ ಮೇಜಿನಲ್ಲಿ ಕೂತಿದ್ದ ಕಾಳಗದ ಡಾಕ್ಟರ ಮುಂದೆ ಎರಡೂ ಮುಷ್ಟಿ ಚಾಚಿ, "ಸರ್, ಇದನ್ನೊಂಚೂರು ಕತ್ತರಿಸಿಕೊಡ್ತೀರಾ?" ಅಂದ.

"ಮಾತಾದ್ರೂ ಆಡೋ," ಅಂದಳು ಅಕ್ಕ. ಕಣ್ಣು ಒದ್ದೆಯಾಗಿತ್ತು. "ನಾನೇನು ಬೇಕಂತ ಮಾಡಿದ್ನಾ? ಅವರು ಹೇಳಿದ್ರು, ಊದಿದೆ."

"ಅವರು ಕೋಚ್ ಅಕ್ಕಾ. ಅವರಿಗೆ ಗೆಲ್ಲೋ ಹುಡುಗ ಬೇಕಿತ್ತು. ಅವರನ್ನ ನಾನು ಬೈಯಲ್ಲ." ಡಾಕ್ಟರು ಪಟ್ಟಿ ಕತ್ತರಿಸುತ್ತಿದ್ದರು, ಅವನು ಅದನ್ನೇ ನೋಡುತ್ತಿದ್ದ. "ಸೀಟಿ ನಿನ್ನ ಬಾಯಲ್ಲಿತ್ತು ಅಂತಾನೇ ನಾನು ಗಡಿಯಾರ ನೋಡ್ತಿರಲಿಲ್ಲ."

ಅಕ್ಕ ಕತ್ತರಿಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ಪುಟ್ಟಿ ಉಬ್ಬಸ ಹೇಗಿದೆ?"

"ಕಡಿಮೆ ಆಗಿದೆ," ಅಂದ ಅವನು. ಬಿಡಿಸಿದ ಪಟ್ಟಿಗಳನ್ನು ಕಸದ ಬುಟ್ಟಿಗೆ ಹಾಕಿ, ಊದಿದ ಬೆರಳುಗಳಿಂದ ಒಂದೊಂದಾಗಿ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. ನಡುವಿನ ಗುಂಡಿ ಎಷ್ಟು ಸಲ ಜಾರಿದರೂ ಅಕ್ಕನನ್ನು ಕರೆಯಲಿಲ್ಲ.