ಮೇಜಿನ ಕೆಳಗೆ ಕಲಿತ ಗಣಿತ

"ಏ, ಅಲ್ಲೇನ್ ನಿಂತೀ? ಟೇಬಲ್ ಕೆಳಗ ಬಾ!" ಎಂದು ರುಕ್ಸಾನಾ ಕಿರುಚಿದಾಗ ಉಪ್ಪಿಟ್ಟಿನ ಬಾಣಲೆ ಒಲೆಯ ಮೇಲೆ ಗಡಗಡನೆ ಕುಣಿಯುತ್ತಿತ್ತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ದೊಡ್ಡ ಭೂಕಂಪ ಕಳೆದು ವರ್ಷವಾಗಿದ್ದರೂ ನೆಲ ಇನ್ನೂ ಆಗಾಗ ಅಲುಗುತ್ತಿತ್ತು. ಧಾರವಾಡದ ಅವಳು, ಮೈಸೂರಿನ ನಾನು ಅಲ್ಲಿನ ಹಾರ್ನ್‌ಬಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಫ್ಲಾಟ್‌ಮೇಟ್‌ಗಳು. ಇಬ್ಬರೂ ಎಂಜಿನಿಯರಿಂಗ್ ಓದುತ್ತಿದ್ದೆವು.

ನಾನೂ ತೂರಿಕೊಂಡೆ. ಅಲುಗಾಟ ನಿಂತಿತು. ಆದರೆ ಚಾವಣಿಯಿಂದ ಇಳಿಬಿಟ್ಟಿದ್ದ ದೀಪ ತೂಗುತ್ತಲೇ ಇತ್ತು. ಅದರ ಬೀಸು ಸ್ವಲ್ಪಸ್ವಲ್ಪವೇ ಕುಗ್ಗುತ್ತಿತ್ತು. ಹೋಗಿ ಬರಲು ಹಿಡಿಯುವ ಹೊತ್ತು ಮಾತ್ರ ಬದಲಾಗುತ್ತಿರಲಿಲ್ಲ. ಪರೀಕ್ಷೆಗೆಂದು ಊರಿನಲ್ಲಿ ಉರು ಹೊಡೆದು, ಅಂಕ ಬಂದ ಮೇಲೆ ಮರೆತೇಬಿಟ್ಟಿದ್ದ ಲೋಲಕದ ಸಮೀಕರಣವೊಂದು ನನ್ನ ತಲೆಯ ಮೇಲೆ ಓಡಾಡುತ್ತಿತ್ತು.

"ಲೈಟ್ ನೋಡೇ! ಮೊನ್ನೆ ಇಲ್ಲಿನ ಕ್ಲಾಸಲ್ಲೂ ಬರೆಸಿದ್ರಲ್ಲ, ಅದೇ ಇದು!"

"ನನ್ನ ಕೈಕಾಲು ನಡಗಾಕತ್ತಾವ, ನಿನಗ ಗಣಿತದ ಚಿಂತಿ!" ಎಂದು ರುಕ್ಸಾನಾ ಬೈದಳು. ಬೈಯುತ್ತಲೇ ಕತ್ತು ಹೊರಚಾಚಿ ತಾನೂ ನೋಡಿದಳು. ದೀಪ ನಿಲ್ಲುವವರೆಗೆ ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಅಷ್ಟರಲ್ಲಿ ಉಪ್ಪಿಟ್ಟು ಸೀದುಹೋಗಿತ್ತು.

ಕಷ್ಟವೆಂದು ಆ ವಾರವೇ ಬಿಡಲು ಹೊರಟಿದ್ದ ಮೇಲಿನ ಹಂತದ ಗಣಿತದ ಕೋರ್ಸನ್ನು ನಾನು ಬಿಡಲಿಲ್ಲ. ಅದು ಮುಗಿದ ಮೇಲೆ ಅದಕ್ಕಿಂತ ಕಷ್ಟದ್ದನ್ನು ನಾನಾಗಿಯೇ ಹುಡುಕಿಕೊಂಡು ಹೋದೆ. ನೆಲ ಅಲುಗಿದರೆ ಈಗಲೂ ಎಲ್ಲರಿಗಿಂತ ಮೊದಲು ಮೇಜಿನ ಕೆಳಗೆ ತೂರುವವಳು ನಾನೇ. ಕಣ್ಣು ಮಾತ್ರ ಮುಚ್ಚುವುದಿಲ್ಲ.